ಬಯಲಿನ ನಡುವೆ ಒಂದು ಗೋಡೆ

ವೆಸ್ಟ್ ಇಂಡೀಸ್ ದ್ವೀಪಗಳ ದಕ್ಷಿಣ ತುದಿಯಲ್ಲಿರುವ ಟ್ರಿನಿಡಾಡಿನ ರಾಜಧಾನಿ ಪೋರ್ಟ್ ಆಫ್ ಸ್ಪೇನ್. ಅಲ್ಲಿಗೆ ಹೋದ ಪ್ರವಾಸಿಗಳು ತಪ್ಪದೆ ನೋಡುವ ಸ್ಥಳ ಕ್ವೀನ್ಸ್ ಪಾರ್ಕ್ ಸವಾನಾ. ಅದನ್ನು ಉದ್ಯಾನವೆನ್ನುವುದಕ್ಕಿಂತ ಬಯಲು ಎನ್ನುವುದೇ ಸರಿ. ಸುಮಾರು 260 ಎಕರೆ ಹುಲ್ಲುನೆಲ; ಅಂಚಿನಲ್ಲಿ ಕೊಡೆಯಂತೆ ಹರಡಿದ ಮಳೆಮರಗಳು, ಎಳನೀರು ಮಾರುವವರು; ಸಂಜೆ ನಡೆಯಲು ಬರುವ ಜನ, ಚೆಂಡಾಡುವ ಹುಡುಗರು. ಯಾರನ್ನೂ ಯಾರೂ ತಡೆಯುವುದಿಲ್ಲ.

ಈ ಬಯಲು ಮೊದಲಿನಿಂದ ಎಲ್ಲರದಾಗಿರಲಿಲ್ಲ. ಇದು ಪೆಶಿಯೆ ಎಂಬ ಕುಟುಂಬದ ಕಬ್ಬಿನ ತೋಟವಾಗಿತ್ತು. ತೋಟದ ಹೆಸರು 'ಪ್ಯಾರಡೈಸ್', ಅಂದರೆ ಸ್ವರ್ಗ! ಆ ಕಾಲದ ಕಬ್ಬಿನ ತೋಟಗಳಲ್ಲಿ ದುಡಿದವರು ಆಫ್ರಿಕಾದಿಂದ ತಂದ ಗುಲಾಮರು. ಅವರನ್ನು ಕೇಳಿ ಇಟ್ಟ ಹೆಸರಂತೂ ಅದಲ್ಲ. ರಾಲ್ಫ್ ವುಡ್‌ಫರ್ಡ್ ಗವರ್ನರನಾಗಿದ್ದಾಗ, 1817ರಲ್ಲಿ, ಈ ಭೂಮಿಯನ್ನು ನಗರಕ್ಕಾಗಿ ಕ್ರಯಕ್ಕೆ ಪಡೆಯಲಾಯಿತು. ಮೊದಲು ದನಗಳ ಗೋಮಾಳ, ಆಮೇಲೆ ಜನರ ವಿಹಾರಸ್ಥಳ. ಕುಟುಂಬದವರು ಒಂದು ತುಂಡನ್ನು ಮಾತ್ರ ಮಾರಲಿಲ್ಲ. ಅದು ಅವರ ಸ್ಮಶಾನ. ಇಂದಿಗೂ ಬಯಲಿನೊಳಗೆ ಗೋಡೆ ಕಟ್ಟಿದ ಆ ಚಿಕ್ಕ ಜಾಗ ಖಾಸಗಿಯಾಗಿಯೇ ಉಳಿದಿದೆ.

ಬೆಲೆ ಕೊಟ್ಟು ಕೊಂಡದ್ದಾಯಿತು, ಎಲ್ಲರ ಉಪಯೋಗಕ್ಕೂ ಬಂದಿತು. ಇನ್ನು ಹಳೆಯದನ್ನು ಕೆದಕುವುದೇಕೆ ಎಂದು ಕೇಳುವವರುಂಟು. ವ್ಯವಹಾರ ಬಲ್ಲವರು ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಾರರು. ಕ್ರಯಪತ್ರದಿಂದ ಹಕ್ಕು ಕೈ ಬದಲಾಗುತ್ತದೆ. ಆ ಹಕ್ಕು ಹುಟ್ಟಿದ ರೀತಿ ಬದಲಾಗುವುದಿಲ್ಲ. ಟ್ರಿನಿಡಾಡಿನಲ್ಲಿ ಹಕ್ಕು ಹುಟ್ಟಿದ ರೀತಿಯನ್ನು ನೋಡಬೇಕು. 1783ರಲ್ಲಿ ಸ್ಪೇನಿನ ದೊರೆ ಹೊರಡಿಸಿದ ಆಜ್ಞೆಯಂತೆ, ವಲಸೆ ಬಂದ ಬಿಳಿಯರಿಗೆ ತಲೆಗಿಷ್ಟು ಎಂದು ಉಚಿತ ಭೂಮಿ. ಅವರು ಜೊತೆಗೆ ತಂದ ಪ್ರತಿ ಗುಲಾಮನ ಲೆಕ್ಕಕ್ಕೆ ಅದರ ಅರ್ಧದಷ್ಟು. ಆ ಅರ್ಧ ಪಾಲು ಸೇರುತ್ತಿದ್ದುದು ಯಜಮಾನನಿಗೆ, ಗುಲಾಮನಿಗಲ್ಲ. ಮನುಷ್ಯನೇ ಪರಿಗ್ರಹ, ಅವನ ಆಧಾರದ ಮೇಲೆ ಮತ್ತಷ್ಟು ಪರಿಗ್ರಹ. ಮುಂದೆ ಬ್ರಿಟಿಷ್ ಸಂಸತ್ತು 1833ರಲ್ಲಿ ಗುಲಾಮಗಿರಿಯ ನಿರ್ಮೂಲನಕ್ಕೆ ಕಾನೂನು ಮಾಡಿದಾಗ 2 ಕೋಟಿ ಪೌಂಡು ಪರಿಹಾರವನ್ನು ಗೊತ್ತುಪಡಿಸಿತು. ಅದೂ ಯಜಮಾನರಿಗೇ. ಬಿಡುಗಡೆ ಹೊಂದಿದವರಿಗೆ ಬಿಡಿಗಾಸೂ ಇಲ್ಲ. 1838ರವರೆಗೆ ಹೆಚ್ಚಿನವರು ಹಳೆಯ ಯಜಮಾನರಲ್ಲೇ ದುಡಿಯಬೇಕಾಯಿತು. ಯಾವ ಗುಮಾಸ್ತನಾದರೂ ಇದನ್ನು ಸರಿಯಾದ ಜಮಾಖರ್ಚು ಎಂದಾನೆಯೇ?

ಹಾಗಾದರೆ ಇಂಥ ನೆಲದಲ್ಲಿ ವಿಹರಿಸುವುದೇ ದೋಷವೆನ್ನಬೇಕೆ? ಹಾಗೆನ್ನುವುದು ಅವಸರದ ಮಾತು. ಅಲ್ಲಿ ಇಂದು ನಡೆದಾಡುವವರಲ್ಲಿ ಆ ಗುಲಾಮರ ಸಂತತಿಯವರಿದ್ದಾರೆ. 1845ರಿಂದ 1917ರವರೆಗೆ ಕರಾರಿನ ಕೂಲಿಗಳಾಗಿ ಭಾರತದಿಂದ ಹೋದವರ ಮೊಮ್ಮಕ್ಕಳು, ಮರಿಮಕ್ಕಳೂ ಇದ್ದಾರೆ. ನೆಲ ಕಳಂಕಿತವೆಂದು ಬಾಗಿಲು ಹಾಕಿದರೆ ನಷ್ಟ ಆಗುವುದು ಅವರಿಗೇ. ಮಾಡದ ಕರ್ಮದ ಹೊಣೆ ನಡೆದಾಡುವವನ ಮೇಲಿಲ್ಲ. ಆದರೆ ತಿಳಿಯಲು ಅವಕಾಶವಿದ್ದೂ ತಿಳಿಯದಿರುವುದು ಅವನದೇ ಆಯ್ಕೆ.

ಪೆಶಿಯೆ ಕುಟುಂಬದವರು ಸ್ಮಶಾನವನ್ನು ಉಳಿಸಿಕೊಂಡುದರಲ್ಲಿ ಲೋಭವನ್ನು ಕಾಣಬೇಕಾಗಿಲ್ಲ. ತನ್ನ ಹಿರಿಯರು ಮಲಗಿರುವ ನೆಲವನ್ನು ಬೆಲೆಗೆ ಕೊಡಲು ಯಾರಿಗೂ ಮನಸ್ಸು ಬಾರದು. ಕಬ್ಬು ಕಡಿದವರಿಗೂ ಹಿರಿಯರಿದ್ದರು, ಅದೇ ಮನಸ್ಸಿತ್ತು. ಉಳಿಸಿಕೊಳ್ಳುವ ಹಕ್ಕು ಮಾತ್ರ ಇರಲಿಲ್ಲ. ರಸ್ತೆಯ ಅಂಚಿನಲ್ಲೇ ಒಂದು ಸುತ್ತು ಹಾಕಿ, ಎಳನೀರು ಕುಡಿದು ಹೊರಡುವ ಪ್ರವಾಸಿ ಆ ಗೋಡೆಯ ಬಳಿಗೆ ಹೋಗುವುದಿಲ್ಲ. ಹುಲ್ಲಿನ ಮೇಲೆ ಸ್ವಲ್ಪ ದೂರ ಒಳಗೆ ನಡೆಯಬೇಕು.