ಕೊಂದವನೂ ಕೊಲ್ಲಿಸಿದವನೂ

ಒಂದು ಪ್ರಾಣಿಯನ್ನು ಉಳಿಸುವುದಕ್ಕಾಗಿ ಇನ್ನೊಂದನ್ನು ಕೊಲ್ಲುವುದು ಧರ್ಮವೋ ಅಧರ್ಮವೋ? ಪ್ರಶ್ನೆ ಹಳೆಯದು, ದಕ್ಷಿಣ ಸಮುದ್ರದ ಒಂದು ದ್ವೀಪದ ವೃತ್ತಾಂತವು ಅದನ್ನು ಹೊಸದಾಗಿ ನಮ್ಮ ಮುಂದಿಟ್ಟಿರುವುದು.

ಆಸ್ಟ್ರೇಲಿಯಕ್ಕೂ ಹಿಮಖಂಡವಾದ ಅಂಟಾರ್ಕ್ಟಿಕಕ್ಕೂ ನಡುವೆ ಮಕ್ವಾರಿ ಎಂಬ ದ್ವೀಪವಿದೆ. ಹಾರಲಾರದ ಪೆಂಗ್ವಿನ್ ಹಕ್ಕಿಗಳು ಅಲ್ಲಿ ಲಕ್ಷಗಟ್ಟಲೆ ನೆಲೆಸಿರುವುವು. ನಾಲ್ಕು ಕಾಲಿನ ಬೇಟೆಮೃಗವನ್ನೇ ಕಾಣದ ಕುಲವಾದುದರಿಂದ ಅವು ಮನುಷ್ಯನನ್ನು ಕಂಡು ಓಡಲಿಲ್ಲ. 1810ರಲ್ಲಿ ಸೀಲ್ ಬೇಟೆಗಾರರು ಬಂದಿಳಿದರು. ಬಳಿಕ ಪೆಂಗ್ವಿನ್‌ಗಳನ್ನು ಉಗಿಕಡಾಯಿಗಳಲ್ಲಿ ಬೇಯಿಸಿ ಎಣ್ಣೆ ತೆಗೆಯುವ ವ್ಯಾಪಾರವು 1919ರವರೆಗೆ ನಡೆಯಿತು. ವ್ಯಾಪಾರ ನಿಂತರೂ ಹಡಗಿನೊಡನೆ ಬಂದ ಬೆಕ್ಕು, ಇಲಿ, ಮೊಲಗಳು ಉಳಿದುವು. ಬೆಕ್ಕು ಇಲಿಗಳು ಬಿಲಗಳಲ್ಲಿ ಗೂಡಿಡುವ ಕಡಲಹಕ್ಕಿಗಳ ಮರಿಗಳನ್ನು ತಿಂದುವು. ಮೊಲಗಳು ಹುಲ್ಲಿನ ಇಳಿಜಾರುಗಳನ್ನು ಬೋಳುಮಾಡಿದುವು. ಕೊನೆಗೆ ಅಧಿಕಾರಿಗಳು ಅವುಗಳನ್ನು ಕೊಲ್ಲಿಸಿದರು. 2000ದ ವೇಳೆಗೆ ಬೆಕ್ಕುಗಳು ಮುಗಿದುವು. ಇಲಿ ಮೊಲಗಳೂ ಇಲ್ಲವಾದುವೆಂದು 2014ರಲ್ಲಿ ಸಾರಲಾಯಿತು. ಹಲವು ಹಕ್ಕಿಗಳು ಮರಳಿ ಗೂಡಿಟ್ಟುವು.

ಮೊಲ ಮಾಡಿದ ಅಪರಾಧವೇನೆಂದು ಅಹಿಂಸಾವಾದಿಯು ಕೇಳುವನು. ಕುಕ್ ಟೌನಿನ ನಮ್ಮ ಮನೆಗಳಲ್ಲಿ ಹಾಲೆರೆದು ಸಾಕುವ ಬೆಕ್ಕಿಗೂ ಆ ಬೆಕ್ಕಿಗೂ ಸ್ವಭಾವದಲ್ಲಿ ಭೇದವಿಲ್ಲ. ಆಕ್ಷೇಪವು ನ್ಯಾಯವಾದದ್ದೇ. ಆದರೆ ಕೊಲ್ಲದೆ ಸುಮ್ಮನಿದ್ದವನ ಕೈ ಶುದ್ಧವೆ? ಪಾಣಿನಿಯ ವ್ಯಾಕರಣದಲ್ಲಿ ಕೆಲಸವನ್ನು ಮಾಡಿಸುವವನಿಗೂ ಕರ್ತೃವೆಂದೇ ಹೆಸರು. ಇಲಿಯನ್ನು ದ್ವೀಪಕ್ಕೆ ಒಯ್ದವನು ಮರಿಯ ಕೊಲೆಗೆ ಪ್ರಯೋಜಕಕರ್ತೃ. ತಂದೆಯ ಸಾಲ ಮಗನಿಗೆ ಬರುವಂತೆ ಆ ಹೊಣೆಯು ಮುಂದಿನವರಿಗೆ ಬಂದಿತು. ಆದುದರಿಂದ ಆ ಕೊಲೆಯನ್ನು ನಾನು ನಿಂದಿಸಲಾರೆ; ಪುಣ್ಯವೆಂದು ಕೊಂಡಾಡಲೂ ಆರೆ. ತೀರಿದ್ದು ನಮ್ಮ ಸಾಲ. ಅದನ್ನು ತಮ್ಮ ಪ್ರಾಣದಿಂದ ತೆತ್ತುವು ಮೊಲಗಳು.

ಇದು ದೂರದವರ ಕಥೆಯೆಂದು ಉಪೇಕ್ಷಿಸತಕ್ಕದ್ದಲ್ಲ. ನಮ್ಮ ಮುರ್ಡೇಶ್ವರದಾಚೆ ಕಡಲಿನಲ್ಲಿರುವ ನೇತ್ರಾಣಿಯಲ್ಲಿ ಬಿಳಿಹೊಟ್ಟೆಯ ಕಡಲಹದ್ದುಗಳು ಗೂಡುಕಟ್ಟುವುವು. ಅಲ್ಲಿಯೂ ಹರಕೆಯ ಆಡುಗಳನ್ನು ಬಿಟ್ಟಿದ್ದಾರೆ. ಆ ದ್ವೀಪವನ್ನೇ ಗುರಿಯಾಗಿಟ್ಟು ನೌಕಾಪಡೆಯು ಗುಂಡಿನ ಅಭ್ಯಾಸವನ್ನು ನಡೆಸಿದೆ. ಒಂದು ಭಕ್ತಿಯಿಂದಾದದ್ದು, ಇನ್ನೊಂದು ದೇಶರಕ್ಷಣೆಗಾಗಿ ಆದದ್ದು. ಉದ್ದೇಶವು ಒಳ್ಳೆಯದಾದ ಮಾತ್ರಕ್ಕೆ ಫಲದ ಹೊಣೆ ತಪ್ಪದು. ಹಕ್ಕಿಗೆ ನಮ್ಮ ಉದ್ದೇಶ ತಿಳಿಯದು. ಗೂಡು ಉಳಿಯಿತೋ ಇಲ್ಲವೋ ಎಂಬುದಷ್ಟೇ ತಿಳಿಯುವುದು.

ಕೊಲ್ಲಬೇಕೋ ಬೇಡವೋ ಎಂದು ವಾದಿಸುವ ಗತಿ ಒದಗಿದ ಮೇಲೆ ಅಹಿಂಸೆಗೆ ಉಳಿಯುವ ದಾರಿ ಬಹಳ ಕಿರಿದು. ದೋಣಿ ಹತ್ತುವ ಮೊದಲೇ ನಮ್ಮೊಡನೆ ಏನು ಬರುತ್ತಿದೆಯೆಂದು ನೋಡಿಕೊಳ್ಳುವವನಿಗೆ ಆ ವಾದದ ಅವಶ್ಯಕತೆಯೇ ಬೀಳದು.