ಸೂಕ್ಷ್ಮ ಎಂಬ ಮಾತು

ಸೂಕ್ಷ್ಮ ಎಂಬುದು ಸಂಸ್ಕೃತ ಪದವಾದರೂ ನಮ್ಮ ಹಳ್ಳಿಗರ ಬಾಯಲ್ಲೂ ನಿತ್ಯ ಓಡಾಡುವಂಥಾದ್ದು. ಕಣ್ಣಿಗೆ, ಕೈಗೆ ಸುಲಭಕ್ಕೆ ಸಿಕ್ಕದ್ದು ಎಂದು ಅದರ ಅರ್ಥ. ಇದಕ್ಕೆ ವಿರುದ್ಧ ಪದ ಸ್ಥೂಲ. ಆಸ್ಪತ್ರೆಯಲ್ಲಿ ಮಲಗಿದ ಹಿರಿಯರ ವಿಚಾರದಲ್ಲಿ "ಪರಿಸ್ಥಿತಿ ಸೂಕ್ಷ್ಮವಾಗಿದೆ" ಅಂತಾರೆ. ಜೀವ ಒಂದು ಎಳೆಯ ಮೇಲೆ ನಿಂತಿದೆ ಎಂದು ಭಾವ. ಸಣ್ಣ ಮಾತಿಗೂ ನೊಂದುಕೊಳ್ಳುವ ಸೊಸೆಯನ್ನು "ಅವಳ ಮನಸ್ಸು ಬಹಳ ಸೂಕ್ಷ್ಮ" ಅಂತಾರೆ. ಬಾಯಿಬಿಟ್ಟು ಹೇಳಲಾಗದ್ದನ್ನು "ಸೂಕ್ಷ್ಮವಾಗಿ ತಿಳಿಸಿದ್ರು" ಅನ್ನುವುದೂ ಉಂಟು. ಹಾಗಂತ ಸೂಕ್ಷ್ಮ ಅಂದ್ರೆ ಚಿಕ್ಕದು ಅಂತಷ್ಟೇ ತಿಳಿಯಬಾರದು. ಸಾಸಿವೆ ಚಿಕ್ಕದು, ಆದರೆ ಕಾಣುತ್ತದೆ. ಗಾಳಿ ಕಾಣದು, ಆದರೆ ಚಿಕ್ಕದಲ್ಲ.

ಛಾಂದೋಗ್ಯ ಉಪನಿಷತ್ತಿನ 6ನೇ ಅಧ್ಯಾಯದಲ್ಲಿ ಉದ್ದಾಲಕ ಆರುಣಿ ಮಹರ್ಷಿಗಳು ಮಗ ಶ್ವೇತಕೇತುವಿಗೆ ಇದನ್ನೇ ತೋರಿಸಿಕೊಟ್ಟರು. ಮಗ 12 ವರ್ಷ ಗುರುಗಳಲ್ಲಿ ಓದಿ, 24ರ ಹರೆಯದಲ್ಲಿ, ಎಲ್ಲಾ ಬಲ್ಲೆನೆಂಬ ಬಿಗುಮಾನದಿಂದ ಮನೆಗೆ ಬಂದಿದ್ದ. ತಂದೆ ರಾತ್ರಿ ನೀರಿಗೆ ಉಪ್ಪು ಹಾಕಿಸಿ, ಬೆಳಿಗ್ಗೆ ಅದನ್ನು ತೆಗೆದುಕೊಡು ಅಂದರು. ಹುಡುಗ ನೀರಲ್ಲಿ ಕೈಯಾಡಿಸಿದ, ತಡಕಿದ, ಸಿಗಲಿಲ್ಲ. ಆಮೇಲೆ ಮೇಲಿನ ನೀರು, ನಡುವಿನ ನೀರು, ತಳದ ನೀರು ಕುಡಿಸಿದರು. ಎಲ್ಲಾ ಕಡೆ ಉಪ್ಪೇ! ಅಲ್ಲಿ ಬಳಸಿರುವ ಪದ ಅಣಿಮಾ, ಸೂಕ್ಷ್ಮದ ಒಡಹುಟ್ಟು ಅನ್ನಬಹುದು. ಜಗತ್ತಿಗೆಲ್ಲಾ ಆತ್ಮವಾಗಿರುವ ಸತ್ಯ ಹೀಗೆ ಬೆರೆತಿದೆ, ಅದೇ ನೀನೂ ಆಗಿದ್ದೀಯೆ ಎಂದು ಮಗನಿಗೆ ತಿಳಿಸಿದರು.

ನೀರಲ್ಲಿ ತಡಕಿದ ಆ ಹುಡುಗನ ಕೈ ನೆನೆದುಕೊಂಡೇ ನಮ್ಮ ಶಿವಗಂಗೆಯ ಒಳಕಲ್ಲು ತೀರ್ಥದ ಮುಂದೆ ನಿಲ್ಲಬೇಕು. ಬಂಡೆಯ ಕುಳಿಯೊಳಗೆ ಕೈಯಿಟ್ಟಾಗ ನೀರು ತಾಕಿದರೆ ಪುಣ್ಯವಂತರು ಎಂಬ ನಂಬಿಕೆ ಹಿಂದಿನಿಂದ ಬಂದಿದೆ. ನಂಬಿಕೆ ಇರಲಿ. ಆದರೆ ಬೆಟ್ಟ ಹತ್ತಿ ಬಂದ ತಾಯಂದಿರು ಬರಿಗೈ ಹೊರತೆಗೆದು, ಏನು ಪಾಪ ಮಾಡಿದ್ದೆನೋ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಜೊತೆಗೆ ಬಂದವರು ನಗುವುದೂ ಉಂಟು. ಇದು ಸರಿಯಲ್ಲ. ಎಲ್ಲರ ತೋಳೂ ಒಂದೇ ಉದ್ದ ಇರೋದಿಲ್ಲ. ಶ್ವೇತಕೇತುವಿನ ಕೈಗೂ ಉಪ್ಪು ಸಿಗಲಿಲ್ಲವಷ್ಟೆ? ತಂದೆ ಅವನನ್ನು ಪಾಪಿ ಅನ್ನಲಿಲ್ಲ, ಕುಡಿದು ನೋಡಪ್ಪಾ ಅಂದರು.

ನೀರು ತಾಕದವರು ಇಳಿದು ಬರುವಾಗ ಗಂಗಾಧರೇಶ್ವರನ ಸನ್ನಿಧಿಯಲ್ಲಿ ತೀರ್ಥ ತೆಗೆದುಕೊಳ್ಳಿ. ಜೊತೆಯವರು ಅವರನ್ನು ರೇಗಿಸದೆ ಕೈಹಿಡಿದು ಇಳಿಸಿಕೊಂಡು ಬನ್ನಿ. ಮಂಡಿನೋವಿನ ಅಜ್ಜಿಯರಿಗೆ ಹತ್ತುವುದಕ್ಕಿಂತ ಇಳಿಯೋದೇ ಕಷ್ಟ.