ಹಳತಾಗದ ಕಾರು, ಹೊಸತರ ಆಸೆ



ನಿಮ್ಮ ಮನೆಯಂಗಳದಲ್ಲಿ ಒಂದು ಕಾರು ನಿಂತಿದೆಯೆಂದು ಇಟ್ಟುಕೊಳ್ಳಿ. ಕೊಂಡು ಹದಿನಾಲ್ಕು ತಿಂಗಳಾಗಿದೆ. ಓಡಿರುವುದು ಒಂಬತ್ತು ಸಾವಿರ ಕಿಲೋಮೀಟರ್. ಎಂಜಿನ್ ಸದ್ದು ಬದಲಾಗಿಲ್ಲ, ಹಿಂದಿನ ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಕೆಲವರು ತೆಗೆದಿರುವುದಿಲ್ಲ. ಆದರೂ ಮನೆಯಲ್ಲಿ ಮಾತು ಆರಂಭವಾಗಿದೆ: "ಇದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ದೊಡ್ಡದೊಂದು ತೆಗೆದುಕೊಂಡರೆ ಹೇಗೆ?" ಶೋರೂಮಿನಿಂದ ಎರಡು ಬಾರಿ ಫೋನ್ ಬಂದಿದೆ. ಮಕ್ಕಳು ಬಣ್ಣವನ್ನೂ ಆರಿಸಿಯಾಗಿದೆ. ಇನ್ನು ತಂದೆಯ ಒಂದು 'ಹೂಂ' ಮಾತ್ರ ಬಾಕಿ.

ಇದು ದೀನಿಗೆ ಸಂಬಂಧಪಟ್ಟ ವಿಷಯವೇ ಎಂದು ಕೇಳುವವರಿದ್ದಾರೆ. ನಮಾಝ್, ಉಪವಾಸಗಳ ಬಗ್ಗೆ ಉಲಮಾಗಳನ್ನು ಕೇಳುತ್ತೇವೆ, ಕಾರಿನ ಬಗ್ಗೆ ಮೆಕ್ಯಾನಿಕನ್ನು ಕೇಳಿದರೆ ಸಾಲದೇ? ಸಾಲದು. ನಾಳೆ ಪರಲೋಕದಲ್ಲಿ ಸಂಪತ್ತಿನ ಬಗ್ಗೆ ಕೇಳಲಾಗುವ ಪ್ರಶ್ನೆ ಒಂದಲ್ಲ, ಎರಡು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಎಲ್ಲಿಂದ ಗಳಿಸಿದೆ ಎಂಬುದರ ಜೊತೆಗೆ, ಯಾವುದಕ್ಕೆ ಖರ್ಚು ಮಾಡಿದೆ ಎಂಬುದನ್ನೂ ಕೇಳಲಾಗುವುದು. ಹಲಾಲ್ ಸಂಪಾದನೆ ಮಾಡಿದ ಮಾತ್ರಕ್ಕೆ ಎರಡನೆಯ ಪ್ರಶ್ನೆಯಿಂದ ವಿನಾಯಿತಿಯಿಲ್ಲ.

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರ ಮಾಡಬೇಕು. ಒಳ್ಳೆಯ ವಾಹನ ಹೊಂದುವುದು ಇಸ್ಲಾಮಿನಲ್ಲಿ ಕೆಟ್ಟದ್ದಲ್ಲ. ಉತ್ತಮವಾದ ಸವಾರಿಯನ್ನು ಪ್ರವಾದಿವರ್ಯರು(ಸ) ಮನುಷ್ಯನ ಸೌಭಾಗ್ಯಗಳಲ್ಲಿ ಎಣಿಸಿದ್ದಾರೆ. ಸೂರಃ ಅನ್ನಹ್ಲ್‌ನಲ್ಲಿ ಅಲ್ಲಾಹನು ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಪ್ರಸ್ತಾಪಿಸುವಾಗ ಅವು ಸವಾರಿಗಾಗಿ ಮಾತ್ರವಲ್ಲ, ಅಲಂಕಾರಕ್ಕಾಗಿಯೂ ಇವೆ ಎಂದಿದ್ದಾನೆ. ನಮಗೆ ಅರಿವಿಲ್ಲದ್ದನ್ನೂ ತಾನು ಸೃಷ್ಟಿಸುವುದಾಗಿ ಸೇರಿಸಿದ್ದಾನೆ. ಇಂದಿನ ಕಾರು, ರೈಲು, ವಿಮಾನಗಳು ಆ ಮಾತಿನಲ್ಲಿ ಅಡಕವಾಗಿವೆಯೆಂದು ನಮ್ಮ ಕಾಲದ ವ್ಯಾಖ್ಯಾನಕಾರರು ವಿವರಿಸುತ್ತಾರೆ. ಆದ್ದರಿಂದ ಅಂದವಾದ ಕಾರು ಕಂಡು ಮನಸ್ಸು ಅರಳಿದರೆ ಅದು ಪಾಪವಲ್ಲ.

ಹಾಗಾದರೆ ಪ್ರಶ್ನೆ ಎಲ್ಲಿದೆ? ಇರುವ ಒಳ್ಳೆಯದನ್ನು ಬಿಟ್ಟು ಇನ್ನೊಂದಕ್ಕೆ ಕೈ ಚಾಚಲು ಕಾರಣವೇನು ಎಂಬುದರಲ್ಲಿದೆ. ಕಾರಣಗಳಲ್ಲಿ ಎರಡು ಬಗೆಯಿವೆ, ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

ಉಮ್ಮನಿಗೆ ಮಂಡಿನೋವು. ತಗ್ಗಿನ ಸೀಟಿನಲ್ಲಿ ಕುಳಿತು ಏಳುವಾಗ ಅವರ ಬಾಯಿಂದ ಹೊರಡುವ 'ಯಾ ಅಲ್ಲಾಹ್' ಇಡೀ ಮನೆಗೆ ಕೇಳಿಸುತ್ತದೆ. ವಾರಕ್ಕೆ ಎರಡು ಬಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಆ ಮಗ ಹದಿನಾಲ್ಕು ತಿಂಗಳಲ್ಲ, ನಾಲ್ಕು ತಿಂಗಳ ಹಿಂದೆ ಕೊಂಡ ಕಾರನ್ನು ಕೊಟ್ಟು ಎತ್ತರದ ಸೀಟಿನದನ್ನು ತಂದರೂ ಅದು ದುಂದುವೆಚ್ಚವಲ್ಲ. ತಾಯಿಯ ಸೇವೆಯ ನಿಯ್ಯತ್ತಿದ್ದರೆ ಅದಕ್ಕೆ ಪ್ರತಿಫಲವೂ ಇದೆ. ಸಂಸಾರ ಬೆಳೆದು ಐದು ಸೀಟಿನಲ್ಲಿ ಏಳು ಮಂದಿ ತುಂಬಿಕೊಂಡು ಚಾರ್ಮಾಡಿ, ಶಿರಾಡಿ ಘಾಟಿ ಹತ್ತುವವರ ವಿಷಯವೂ ಅಷ್ಟೇ. ಅಲ್ಲಿ ಪ್ರಶ್ನೆ ಜೀವದ ಸುರಕ್ಷಿತತೆಯದ್ದು. ಕೈಯಲ್ಲಿ ಅನುಕೂಲವಿದ್ದೂ ಮನೆಯವರನ್ನು ಹಾಗೆ ಕೊಂಡೊಯ್ಯುವವನು ತನ್ನನ್ನು ಮಿತವ್ಯಯಿಯೆಂದು ಕರೆದುಕೊಳ್ಳದಿರುವುದು ಒಳ್ಳೆಯದು. ಸೂರಃ ಅಲ್ ಫುರ್ಕಾನ್‌ನಲ್ಲಿ ಅಲ್ಲಾಹನ ದಾಸರ ಗುಣಗಳನ್ನು ಹೇಳುವಾಗ ದುಂದಿನ ಜೊತೆಗೆ ಜಿಪುಣತನವನ್ನೂ ನಿರಾಕರಿಸಿ, ಇವೆರಡರ ನಡುವಿನ ದಾರಿಯನ್ನು ಹೊಗಳಲಾಗಿದೆ.

ಇನ್ನೊಂದು ಕಾರಣವಿದೆ. ಕಳೆದ ತಿಂಗಳ ವಲೀಮಾದಲ್ಲಿ ಷಡ್ಡಕನು ಹೊಸ ಕಾರಿನಲ್ಲಿ ಬಂದಿಳಿದ. ಹಾಲಿನ ಮುಂದೆ ನಾಲ್ಕು ಮಂದಿ ಅದರ ಸುತ್ತ ನಿಂತು ಮೇಲಿನ ಗಾಜಿನ ಕಿಟಕಿಯನ್ನು ನೋಡಿದರು. ನಿಮ್ಮ ಕಾರನ್ನು ಯಾರೂ ನೋಡಲಿಲ್ಲ. ಅಂದಿನವರೆಗೆ ನಿಮಗೆ ಅದರಲ್ಲಿ ಯಾವ ಕೊರತೆಯೂ ಕಂಡಿರಲಿಲ್ಲ. ಅಂದು ರಾತ್ರಿಯಿಂದ ಡಿಕ್ಕಿ ಸಣ್ಣದೆನಿಸಿತು, ಎ.ಸಿ. ನಿಧಾನವೆನಿಸಿತು, ಬಣ್ಣ ಮಂಕೆನಿಸಿತು. ಕಾರು ಬದಲಾಗಿಲ್ಲ, ಬದಲಾದದ್ದು ನೋಡುವ ಕಣ್ಣು. ಲೌಕಿಕ ವಿಷಯಗಳಲ್ಲಿ ನಿಮಗಿಂತ ಕೆಳಗಿರುವವರನ್ನು ನೋಡಿರಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದು ಈ ಕಾಯಿಲೆಯ ಮದ್ದಾಗಿಯೇ. ಅಲ್ಲಾಹನು ನಿಮಗಿತ್ತ ಅನುಗ್ರಹವು ನಿಮ್ಮ ಕಣ್ಣಲ್ಲಿ ಕ್ಷುಲ್ಲಕವಾಗದಿರಲಿ ಎಂಬುದು ಆ ಬೋಧನೆಯ ಉದ್ದೇಶ. ವಲೀಮಾದಿಂದ ಮರಳುವಾಗ ಮಳೆಯಲ್ಲಿ ಸ್ಕೂಟರಿನ ಮೇಲೆ ಮಗುವಿಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಕೂರಿಸಿಕೊಂಡವನೂ ಅದೇ ಹಾಲಿನಿಂದ ಹೊರಟಿದ್ದ.

ಅಂದ ಹಾಗೆ, ಮೆಚ್ಚುವ ಆ ನಾಲ್ಕು ಮಂದಿಯ ಮೆಚ್ಚುಗೆಗೆ ಎಷ್ಟು ದಿನದ ಆಯುಷ್ಯ? ಎರಡು ಜುಮುಅ ಕಳೆಯುವಷ್ಟರಲ್ಲಿ ಮಸೀದಿಯ ಮುಂದೆ ನಿಮ್ಮ ಹೊಸ ಕಾರು, ದಾರಿಗೆ ಅಡ್ಡ ನಿಲ್ಲಿಸಿದ ಇನ್ನೊಂದು ಕಾರು, ಅಷ್ಟೇ.

ಈಗ ಕಾಗದ ಪೆನ್ನು ತೆಗೆದುಕೊಳ್ಳಿ. ಲೆಕ್ಕ ಹಾಕುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಶೋರೂಮ್ ಬೆಲೆ 8 ಲಕ್ಷದ ಕಾರು. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದವರೆಗಿನ ಕಾರಿಗೆ ಆಜೀವ ತೆರಿಗೆ 14%, ಅಂದರೆ 1,12,000 ರೂಪಾಯಿ. ಅದರ ಮೇಲೆ ಸೆಸ್ ಬೇರೆ. ವಿಮಾ ನಿಯಮದ ಸವಕಳಿ ಪಟ್ಟಿಯಂತೆ ಕಾರಿನ ಬೆಲೆ ಆರು ತಿಂಗಳೊಳಗೆ 5%, ಒಂದು ವರ್ಷದೊಳಗೆ 15%, ಎರಡನೆಯ ವರ್ಷದಲ್ಲಿ 20% ಕುಸಿದಂತೆ ಲೆಕ್ಕ. ಹದಿನಾಲ್ಕು ತಿಂಗಳ ನಿಮ್ಮ ಕಾರಿಗೆ ಅದರಂತೆ 6,40,000. ವ್ಯಾಪಾರಿ ಇದಕ್ಕಿಂತ ಕಡಿಮೆ ಹೇಳಿದರೆ ಆಶ್ಚರ್ಯಪಡಬೇಡಿ. ಕುಸಿದ ಬೆಲೆ 1,60,000, ಹಿಂದಿರುಗದ ತೆರಿಗೆ 1,12,000, ಒಟ್ಟು 2,72,000. ಒಂಬತ್ತು ಸಾವಿರ ಕಿಲೋಮೀಟರಿಗೆ ಇದನ್ನು ಹಂಚಿದರೆ, ಪೆಟ್ರೋಲ್ ಸೇರಿಸದೆಯೇ, ಕಿಲೋಮೀಟರಿಗೆ ಮೂವತ್ತು ರೂಪಾಯಿ! ಅದೇ ಕಾರನ್ನು ಹತ್ತು ವರ್ಷ ಓಡಿಸುವವನಿಗೆ ಈ ಹೊರೆ ತೆಳುವಾಗುತ್ತಾ ಹೋಗುತ್ತದೆ. ಈಗ ಬಿಡುವವನು ಅತ್ಯಂತ ದುಬಾರಿಯಾದ ವರ್ಷವನ್ನು ಮಾತ್ರ ಕೊಂಡುಕೊಂಡು ಅಗ್ಗದ ವರ್ಷಗಳನ್ನು ಬೇರೆಯವರಿಗೆ ಬಿಟ್ಟುಕೊಡುತ್ತಾನೆ. ಹೊಸದು 11 ಲಕ್ಷದ್ದಾದರೆ ತೆರಿಗೆ 17%, ಅಂದರೆ 1,87,000. ಮತ್ತೆ ಮೊದಲ ವರ್ಷ, ಮತ್ತೆ ಅದೇ ಕುಸಿತ.

2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿ.ಎಸ್.ಟಿ. 28ರಿಂದ 18%ಕ್ಕೆ ಇಳಿದಾಗ, ಈಗಲೇ ಬದಲಾಯಿಸಬೇಕೆಂದು ಅವಸರಪಟ್ಟವರಿದ್ದರು. ಹೊಸದು ಅಗ್ಗವಾದರೆ ಹಳೆಯದರ ಬೆಲೆಯೂ ಜೊತೆಯಲ್ಲೇ ಇಳಿಯುತ್ತದೆ ಎಂಬುದನ್ನು ಅವರು ಮರೆತರು.

ಇದು ಕೈಯಲ್ಲಿ ಹಣವಿಟ್ಟುಕೊಂಡವರ ಲೆಕ್ಕ. ಬಡ್ಡಿ ಸಾಲದವರ ಲೆಕ್ಕ ಇನ್ನೂ ಕಹಿಯಾದುದು. 8 ಲಕ್ಷವನ್ನು ವಾರ್ಷಿಕ 9% ಬಡ್ಡಿಗೆ ಏಳು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 12,870. ಹದಿನಾಲ್ಕು ತಿಂಗಳಲ್ಲಿ ಕಟ್ಟಿದ್ದು 1,80,000. ಆದರೆ ಅಸಲಿನಲ್ಲಿ ತಗ್ಗಿದ್ದು ಸುಮಾರು ಒಂದು ಲಕ್ಷ ಮಾತ್ರ. ಇನ್ನೂ 6,99,000ದಷ್ಟು ಬಾಕಿ. ಕಾರಿನ ಬೆಲೆಯೋ 6,40,000. ಅಂದರೆ ಕಾರಿನ ಕೀಲಿಯನ್ನು ಒಪ್ಪಿಸಿದ ಮೇಲೂ ಅರುವತ್ತು ಸಾವಿರದಷ್ಟು ಸಾಲ ತಲೆಯ ಮೇಲೆ! ಅದನ್ನು ಹೊಸ ಸಾಲದೊಳಗೆ ಸೇರಿಸುತ್ತೇವೆಂದು ಶೋರೂಮಿನವನು ನಗುತ್ತಾ ಹೇಳುತ್ತಾನೆ. ಇಲ್ಲದ ಕಾರಿನ ಸಾಲಕ್ಕೂ ಏಳು ವರ್ಷ ಬಡ್ಡಿ. ಬಡ್ಡಿ ತಿನ್ನುವವನನ್ನು ಮಾತ್ರವಲ್ಲ, ಕೊಡುವವನನ್ನು, ಅದನ್ನು ಬರೆಯುವವನನ್ನು, ಸಾಕ್ಷಿಗಳನ್ನು ಕೂಡಾ ಪ್ರವಾದಿವರ್ಯರು(ಸ) ಶಪಿಸಿ, ಅವರೆಲ್ಲರೂ ಸಮಾನರೆಂದ ಹದೀಸನ್ನು ಜಾಬಿರ್ ಬಿನ್ ಅಬ್ದುಲ್ಲಾ(ರ) ವರದಿ ಮಾಡಿದ್ದಾರೆ. ಸೂರು, ಚಿಕಿತ್ಸೆಗಾಗಿ ಸಂಕಷ್ಟಕ್ಕೆ ಸಿಲುಕಿದವರ ಸ್ಥಿತಿಯನ್ನು ಉಲಮಾಗಳು ಬೇರೆಯಾಗಿ ಪರಿಶೀಲಿಸಬಹುದು. ಆದರೆ ಓಡುತ್ತಿರುವ ಕಾರು ಅಂಗಳದಲ್ಲಿರುವಾಗ ಇನ್ನೊಂದಕ್ಕಾಗಿ ಬಡ್ಡಿಗೆ ಸಹಿ ಹಾಕುವವನು ಯಾವ ಸಂಕಷ್ಟವನ್ನು ಮುಂದಿಡುವನು?

ಹಣ ಸ್ವಂತದ್ದೇ ಆದರೂ ಅದರ ಮೇಲೆ ಇತರ ಹಕ್ಕುಗಳಿವೆಯೇ ಎಂದು ನೋಡಬೇಕು. ಹಜ್ಜ್ ನಿರ್ವಹಿಸಿಯಾಗಿದೆಯೇ? ಸೋದರನಿಂದ ಪಡೆದ ಕೈಸಾಲ ತೀರಿದೆಯೇ? ಪತ್ನಿಯ ಮಹ್ರ್ ಇನ್ನೂ ಬಾಕಿಯೇ? ಸಂಬಂಧಿಕರಲ್ಲಿ ಯಾರಾದರೂ ಮಗಳ ಕಾಲೇಜು ಶುಲ್ಕಕ್ಕಾಗಿ ಪರದಾಡುತ್ತಿದ್ದಾರೆಯೇ? ಝಕಾತ್‌ನ ವಿಷಯದಲ್ಲಿಯೂ ಒಂದು ಮಾತು: ಸ್ವಂತ ಓಡಾಟದ ಕಾರಿಗೆ ಝಕಾತ್ ಇಲ್ಲ. ಆದರೆ ಮುಂದಿನ ಕಾರಿಗೆಂದು ಕೂಡಿಟ್ಟ ಹಣವು ನಿಸಾಬ್ ತಲುಪಿ ವರ್ಷ ದಾಟಿದರೆ ಅದಕ್ಕೆ ಎರಡೂವರೆ ಶೇಕಡಾ ಇದೆ. ಕಾರಿಗೆಂದು ಇಟ್ಟದ್ದು ಎಂಬ ನೆಪ ನಡೆಯದು. ಹಳೆ ಕಾರುಗಳನ್ನು ಕೊಂಡು ಮಾರುವುದೇ ಉದ್ಯೋಗವಾಗಿರುವ ಸಹೋದರರ ಅಂಗಳದ ಕಾರುಗಳು ವ್ಯಾಪಾರದ ಸರಕು, ಅವುಗಳಿಗೆ ಝಕಾತ್ ಇದೆ.

ಮನೆಯಾಕೆಯೊಂದಿಗೆ ಸಮಾಲೋಚಿಸಿರಿ. ಶೋರೂಮಿಗೆ ಮುಂಗಡ ಕೊಟ್ಟು ಬಂದು ತಿಳಿಸುವುದಕ್ಕೆ ಸಮಾಲೋಚನೆ ಎನ್ನುವುದಿಲ್ಲ. ಬಳಿಕ ಇಸ್ತಿಖಾರ ಮಾಡಿರಿ. ಕುರ್‌ಆನಿನ ಸೂರಃ ಕಲಿಸುವಂತೆಯೇ ಎಲ್ಲ ವಿಷಯಗಳಲ್ಲೂ ಇಸ್ತಿಖಾರವನ್ನು ಪ್ರವಾದಿವರ್ಯರು(ಸ) ತಮಗೆ ಕಲಿಸುತ್ತಿದ್ದರೆಂದು ಹೇಳಿದವರೂ ಅದೇ ಜಾಬಿರ್(ರ). ಮದುವೆ ಸಂಬಂಧಕ್ಕೆ ಮಾತ್ರ ಅದನ್ನು ಮೀಸಲಿಟ್ಟವರು ನಾವು.

ಇಷ್ಟೆಲ್ಲಾ ನೋಡಿದ ಮೇಲೆ ಬದಲಾಯಿಸುವುದೇ ಸರಿಯೆಂದು ಕಂಡರೆ ಬಿಸ್ಮಿಲ್ಲಾ ಹೇಳಿ ಮುಂದುವರಿಯಿರಿ. ಆದರೆ ಮಾರುವುದರಲ್ಲಿಯೂ ಕೊಳ್ಳುವುದರಲ್ಲಿಯೂ ಶಿಷ್ಟಾಚಾರಗಳಿವೆ.

ಕಾರಿಗೆ ಕಾರು ಕೊಟ್ಟು ಮೇಲೆ ಹಣ ಸೇರಿಸುವುದು ಬಡ್ಡಿಯಾಗುವುದಿಲ್ಲವೇ ಎಂಬ ಸಂಶಯ ಹಲವರಿಗಿದೆ. ಬಿಲಾಲ್(ರ) ಎರಡು ಅಳತೆ ಕೀಳು ಖರ್ಜೂರ ಕೊಟ್ಟು ಒಂದು ಅಳತೆ ಉತ್ತಮ ಖರ್ಜೂರ ತಂದಾಗ ಪ್ರವಾದಿವರ್ಯರು(ಸ) ಅದನ್ನು ಬಡ್ಡಿಯೆಂದು ತಡೆದು, ಮೊದಲು ಮಾರಿ ಆ ಹಣದಿಂದ ಕೊಳ್ಳುವಂತೆ ಹೇಳಿದ್ದು ನಿಜ. ಆದರೆ ಆ ನಿಯಮವು ಚಿನ್ನ, ಬೆಳ್ಳಿ, ಗೋಧಿ, ಬಾರ್ಲಿ, ಖರ್ಜೂರ, ಉಪ್ಪು ಮತ್ತು ಅವುಗಳ ಸಾಲಿಗೆ ಸೇರುವ ವಸ್ತುಗಳದ್ದು. ಒಂದು ಒಂಟೆಗೆ ಎರಡು ಒಂಟೆ ಕೊಟ್ಟ ವ್ಯವಹಾರಗಳು ಹದೀಸ್‌ಗಳಲ್ಲಿವೆ. ಕಾರು ಒಂಟೆಯ ಸಾಲಿಗೆ ಸೇರುತ್ತದೆ, ಖರ್ಜೂರದ ಸಾಲಿಗಲ್ಲ. ಸಹೋದರಿಯರು ಗಮನಿಸಬೇಕಾದುದೇನೆಂದರೆ, ಹಳೆಯ ಬಳೆ ಕೊಟ್ಟು ತೂಕದ ವ್ಯತ್ಯಾಸದಲ್ಲಿ ಹೊಸ ಬಳೆ ಪಡೆಯುವಾಗ ಬಿಲಾಲ್(ರ)ರಿಗೆ ಹೇಳಿದ ನಿಯಮವೇ ಅನ್ವಯವಾಗುತ್ತದೆ. ಕಾರಿನ ಬಗ್ಗೆ ಸಂಶಯಪಡುವ ಮನೆಗಳಲ್ಲಿಯೇ ಬಳೆಯ ಬಗ್ಗೆ ಯಾರೂ ಕೇಳುವುದಿಲ್ಲ.

'ಎಕ್ಸ್‌ಚೇಂಜ್ ಬೋನಸ್' ಎಂಬುದಕ್ಕೆ ಮರುಳಾಗಬೇಡಿ. ಹಳೆ ಕಾರು ಇಲ್ಲದೆ ಬರೇ ನಗದಿಗೆ ಕೊಂಡರೆ ಹೊಸದರ ಬೆಲೆಯೆಷ್ಟು ಎಂದು ಮೊದಲು ಕೇಳಿರಿ. ಒಂದು ಕೈಯಲ್ಲಿ ಹೆಚ್ಚಿಸಿದ್ದನ್ನು ಇನ್ನೊಂದು ಕೈಯಲ್ಲಿ ತಡೆಹಿಡಿದಿರುವುದು ಆಗ ಗೊತ್ತಾಗುತ್ತದೆ.

ನಿಮ್ಮ ಕಾರಿನಲ್ಲಿ ದೋಷವಿದ್ದರೆ ಹೇಳಿಬಿಡಿ. ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒದ್ದೆ ಸಿಕ್ಕಿದ್ದಕ್ಕೆ, ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಪ್ರವಾದಿವರ್ಯರು(ಸ) ವ್ಯಾಪಾರಿಯನ್ನು ಪ್ರಶ್ನಿಸಿದರು. ಒದ್ದೆಯಾದುದಕ್ಕೆ ಆತನು ಮಳೆಯನ್ನು ಕಾರಣ ಹೇಳಿದರೂ, ಮರೆಮಾಚಿದ್ದಕ್ಕೆ ಆ ಉತ್ತರ ಸಾಲಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ನೆರೆಯಲ್ಲಿ ಕಾರುಗಳು ಮುಳುಗಿದ ಚಿತ್ರಗಳನ್ನು ಎಲ್ಲರೂ ಕಂಡಿದ್ದೇವೆ. ನೀರು ಹೊಕ್ಕ ಕಾರಿನ ಸೀಟು ತೊಳೆದು, ಅತ್ತರು ಪೂಸಿ ಮಾರುವವನೂ ಆ ಧಾನ್ಯದ ವ್ಯಾಪಾರಿಯಂತೆಯೇ ಒದ್ದೆಯನ್ನು ಕೆಳಗಿಡುತ್ತಾನೆ. ಕಿಲೋಮೀಟರ್ ಅಂಕಿಯನ್ನು ಹಿಂದಕ್ಕೆ ತಿರುಗಿಸುವುದು, ಡಿಕ್ಕಿ ಹೊಡೆದ ಬಾಗಿಲಿಗೆ ಬಣ್ಣ ಬಳಿದು ಸುಮ್ಮನಿರುವುದು, ಇವೂ ಅದೇ. ಕೊಳ್ಳುವವನಿಗೂ ಹೊಣೆಯಿದೆ. ಮುನ್ನೂರು ದಿರ್ಹಮಿಗೆ ಒಪ್ಪಿಗೆಯಾಗಿದ್ದ ಕುದುರೆ ಅದಕ್ಕಿಂತ ಹೆಚ್ಚು ಬೆಲೆಬಾಳುವುದೆಂದು ಕಂಡು ಜರೀರ್ ಬಿನ್ ಅಬ್ದುಲ್ಲಾ(ರ) ತಾವೇ ಬೆಲೆ ಏರಿಸುತ್ತಾ ಎಂಟುನೂರು ಕೊಟ್ಟರೆಂದು ವರದಿಯಾಗಿದೆ. ಸಾಲಗಾರರ ಕಾಟಕ್ಕೆ ಅವಸರದಲ್ಲಿ ಕಾರು ಮಾರುತ್ತಿರುವವನನ್ನು ಅರ್ಧ ಬೆಲೆಗೆ ಹಿಂಡಿ, 'ಒಳ್ಳೆಯ ಡೀಲ್ ಸಿಕ್ಕಿತು' ಎಂದು ಊರೆಲ್ಲಾ ಹೇಳಿಕೊಳ್ಳುವವರು ಆ ಸಹಾಬಿಯ ಹೆಸರನ್ನಾದರೂ ಕೇಳಿರಲಿ.

ಒಬ್ಬನಿಗೆ ಮಾತು ಕೊಟ್ಟು ಮುಂಗಡ ಪಡೆದ ಮೇಲೆ ಇನ್ನೊಬ್ಬ ಇಪ್ಪತ್ತು ಸಾವಿರ ಹೆಚ್ಚು ಹೇಳಿದರೆ ಮಾತು ಬದಲಾಯಿಸಬೇಡಿ. ಒಬ್ಬರ ವ್ಯಾಪಾರದ ಮೇಲೆ ಇನ್ನೊಬ್ಬರು ವ್ಯಾಪಾರ ಮಾಡುವುದನ್ನು ಪ್ರವಾದಿವರ್ಯರು(ಸ) ವಿರೋಧಿಸಿದ್ದಾರೆ.

ಕೊನೆಯದಾಗಿ ಕಾಗದಪತ್ರ. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು ಸಾಲ ಮತ್ತು ವ್ಯವಹಾರವನ್ನು ಬರೆದಿಡುವುದರ ಕುರಿತಾಗಿದೆ. ನಮ್ಮಲ್ಲಿ ಮಾತ್ರ, 'ನಮ್ಮವನೇ ಅಲ್ವಾ, ಆರ್.ಸಿ. ಆಮೇಲೆ ಮಾಡಿಸೋಣ' ಎನ್ನುವುದು ರೂಢಿ. ಆರ್.ಸಿ.ಯಲ್ಲಿ ಹೆಸರು ಯಾರದ್ದಿದೆಯೋ ಅವನೇ ಮಾಲಕ, ಅಪಘಾತದ ಪರಿಹಾರಕ್ಕೂ ಅವನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿದೆ. ಕಾರು ಕೈಬದಲಾಗಿದ್ದರೂ ಈ ಹೊಣೆ ತಪ್ಪಲಿಲ್ಲ. ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ, ಸಾಲವಿದ್ದರೆ ಬ್ಯಾಂಕಿನ ಎನ್.ಒ.ಸಿ. ಸೇರಿಸಿ ಆರ್.ಟಿ.ಒ.ಗೆ ಕೊಡಿ. ಅಧಿಕೃತ ಡೀಲರಿಗೆ ಒಪ್ಪಿಸುವುದಾದರೆ 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಅದನ್ನೂ ಆರ್.ಟಿ.ಒ.ಗೆ ತಿಳಿಸಬೇಕು. ಕ್ಲೇಮ್ ಇಲ್ಲದ ವರ್ಷಕ್ಕೆ ವಿಮೆಯಲ್ಲಿ ಸಿಗುವ ರಿಯಾಯಿತಿ ಕಾರಿನದ್ದಲ್ಲ, ನಿಮ್ಮದು. ಅದರ ಪತ್ರವನ್ನು ಕೇಳಿ ಪಡೆಯಿರಿ. ಹೆಸರು ಬದಲಾದ ಆರ್.ಸಿ.ಯ ಒಂದು ಪ್ರತಿ ಕೈಗೆ ಬರುವ ತನಕ ವಿಚಾರಿಸುತ್ತಲೇ ಇರಿ.